ನೆತ್ತಿಯಿಂದ ತೋಟಾ ಉಗುಳುವ ರೈಫಲ್

ಹಾಲಿವುಡ್ಡಿನ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ಆ ಸದ್ದು ಪರಿಚಿತ. ನಾಯಕ ರೈಫಲ್ಲಿನ ಅಡಿಯಲ್ಲಿರುವ ಬಳೆಯಂಥ ಸನ್ನೆಯನ್ನು 'ಕಟಕ್' ಎಂದು ಕೆಳಗೆ ತಳ್ಳಿ ಮತ್ತೆ ಮೇಲೆಳೆಯುತ್ತಾನೆ. ಖಾಲಿ ತೋಟಾ ರೈಫಲ್ಲಿನ ನೆತ್ತಿಯಿಂದ ಚಿಮ್ಮಿ ಹಾರುತ್ತದೆ. ಮರುಕ್ಷಣವೇ ಮುಂದಿನ ಗುಂಡು ಸಿದ್ಧ. (1870ರ ದಶಕದ ಕತೆ ಹೇಳುವ ಎಷ್ಟೋ ಚಿತ್ರಗಳಲ್ಲಿ ನಟರ ಕೈಯಲ್ಲಿದ್ದದ್ದು 1892ರ ಮಾದರಿಯ ರೈಫಲ್. ಅದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ.) ನೋಡಲು ಸೊಗಸಾದ ಈ ಚಿಮ್ಮುವಿಕೆಯೇ ಅಮೆರಿಕದ ಬೇಟೆಗಾರರಿಗೆ ಹಲವು ದಶಕಗಳ ಕಾಲ ತಲೆನೋವಾಯಿತು. ಏಕೆಂದರೆ ತೋಟಾ ಹಾರುವ ಆ ಜಾಗದಲ್ಲೇ ದುರ್ಬೀನು ಕೂರಬೇಕಿತ್ತು.

ಇಲ್ಲಿ ಹೇಳಹೊರಟಿರುವುದು ವಿಂಚೆಸ್ಟರ್ 1894ರ ಕತೆ. ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್ ಇದನ್ನು ರೂಪಿಸಿದ. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿದ್ದ ವಿಂಚೆಸ್ಟರ್ ಕಾರ್ಖಾನೆ ಇದನ್ನು ತಯಾರಿಸಿತು. ಹೊಗೆರಹಿತ ಮದ್ದು ಬಳಕೆಗೆ ಬರುತ್ತಿದ್ದ ಕಾಲ ಅದು. ಹಗುರವಾದ, ತೆಳ್ಳಗಿನ ಈ ರೈಫಲ್ ಜಿಂಕೆ ಬೇಟೆಗೆ ಹೇಳಿ ಮಾಡಿಸಿದಂತಿತ್ತು. ಈವರೆಗೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಹತ್ತು ಲಕ್ಷದ ಸಂಖ್ಯೆ ಹೊತ್ತದ್ದನ್ನು 1927ರಲ್ಲಿ ಅಧ್ಯಕ್ಷ ಕೂಲಿಜ್ ಅವರಿಗೆ ಕಾಣಿಕೆಯಾಗಿ ಕೊಡಲಾಯಿತು. ನಮ್ಮ ಕೊಡಗಿನ ಮನೆಗಳಲ್ಲಿ ಕೋವಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂತೆ, ಅಲ್ಲಿನ ಹಳ್ಳಿಮನೆಗಳಲ್ಲಿ ಇದು ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂತು.

ಇದರ ಒಳಗಿನ ಕೆಲಸ ಸರಳ. ಸನ್ನೆ ಕೆಳಗಿಳಿದಾಗ ನಳಿಗೆಯ ಹಿಂಬದಿಯನ್ನು ಮುಚ್ಚಿದ್ದ ಅಗುಳಿ ಹಿಂದೆ ಸರಿಯುತ್ತದೆ. ಅದರ ತುದಿಯಲ್ಲಿರುವ ಕೊಕ್ಕೆ ಖಾಲಿ ತೋಟಾದ ಅಂಚನ್ನು ಹಿಡಿದು ಹೊರಗೆಳೆಯುತ್ತದೆ. ಕೊಕ್ಕೆ ಮೇಲ್ಭಾಗದಲ್ಲಿದೆ, ನೂಕುವ ಬಲ ಕೆಳಗಿನಿಂದ ಬರುತ್ತದೆ. ಆದ್ದರಿಂದ ನಳಿಗೆಯಿಂದ ಬಿಡಿಸಿಕೊಂಡ ತೋಟಾಕ್ಕೆ ಮೇಲಲ್ಲದೆ ಬೇರೆ ದಾರಿಯಿಲ್ಲ. ಬರಿಗಣ್ಣಿನಿಂದ ಗುರಿಯಿಡುತ್ತಿದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ.

1930ರ ದಶಕದಲ್ಲಿ ವಿಲಿಯಂ ವೀವರ್ ಎಂಬಾತ ಸಾಮಾನ್ಯರ ಕೈಗೆಟುಕುವ ಬೆಲೆಯ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ವಯಸ್ಸಾಗುತ್ತ ಬಂದಂತೆ ಕಣ್ಣಿಗೆ ಹಿಂದಿನ ಗುರಿಪಟ್ಟಿ, ಮುಂದಿನ ಗುರಿಮಣಿ, ದೂರದ ಜಿಂಕೆ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ದುರ್ಬೀನು ಈ ಮೂರನ್ನೂ ಒಂದೇ ಬಿಂಬವಾಗಿಸಿಬಿಡುತ್ತದೆ. ಆದರೆ 1894ರ ನೆತ್ತಿಯ ಮೇಲೆ ಅದನ್ನು ಕೂರಿಸಿದರೆ ಹಾರಿದ ತೋಟಾ ಅದರ ಹೊಟ್ಟೆಗೆ ಬಡಿದು ಮತ್ತೆ ಒಳಗೇ ಬೀಳುತ್ತದೆ. ಮಾರ್ಲಿನ್ ಕಂಪನಿ 1889ರ ಮಾದರಿಯಲ್ಲಿಯೇ ನೆತ್ತಿಯನ್ನು ಮುಚ್ಚಿ, ತೋಟಾವನ್ನು ಬಲಮಗ್ಗುಲಿನಿಂದ ಹೊರಹಾಕುವ ಏರ್ಪಾಡು ಮಾಡಿತ್ತು. ಅರ್ಧ ಶತಮಾನದ ನಂತರ ಅದಕ್ಕೆ ಇದೇ ದೊಡ್ಡ ವರವಾಯಿತು.

ವಿಂಚೆಸ್ಟರಿನವರು ಹುಡುಕಿಕೊಂಡ ಒಂದು ಉಪಾಯವೆಂದರೆ ಎಡಮಗ್ಗುಲಿಗೆ ಹಿಡಿಕೆ ಬಿಗಿದು ದುರ್ಬೀನನ್ನು ಪಕ್ಕಕ್ಕೆ ಕೂರಿಸುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ದುರ್ಬೀನು ನಳಿಗೆಯಿಂದ ಒಂದು ಅಂಗುಲ ಎಡಕ್ಕಿದ್ದು, ನೂರು ಗಜಕ್ಕೆ ಗುರಿ ಹೊಂದಿಸಿದ್ದರೆ, ಐವತ್ತು ಗಜದಲ್ಲಿ ಗುಂಡು ಅರ್ಧ ಅಂಗುಲ ಬಲಕ್ಕೂ ಇನ್ನೂರು ಗಜದಲ್ಲಿ ಒಂದು ಅಂಗುಲ ಎಡಕ್ಕೂ ಬೀಳುತ್ತದೆ. ಜಿಂಕೆಯ ಎದೆಗೆ ಇದು ಲೆಕ್ಕಕ್ಕಿಲ್ಲ. ನಿಜವಾದ ಕಷ್ಟ ಕೆನ್ನೆಯದು. ಕತ್ತನ್ನು ಪಕ್ಕಕ್ಕೆ ವಾಲಿಸಿದಾಗ ಮರದ ಹಿಡಿಯ ಆಸರೆ ತಪ್ಪುತ್ತದೆ, ಗುರಿ ನಿಲ್ಲುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೂ ಇದೇ ಪಾಡು ಬಂತು. ಗ್ಯಾರಂಡ್ ರೈಫಲ್ಲಿಗೆ ಗುಂಡಿನ ಕಟ್ಟನ್ನು ಮೇಲಿನಿಂದ ತುಂಬಬೇಕಾದ್ದರಿಂದ ದುರ್ಬೀನನ್ನು ಎಡಕ್ಕೆ ಸರಿಸಿದರು, ಕೆನ್ನೆಗೆಂದು ಹಿಡಿಗೆ ಚರ್ಮದ ದಿಂಬು ಕಟ್ಟಿದರು. ಇನ್ನೊಂದು ದಾರಿ ದುರ್ಬೀನನ್ನು ಮುಂದೆ, ನಳಿಗೆಯ ಮೇಲೆಯೇ ಕೂರಿಸುವುದು. ಕಣ್ಣಿನಿಂದ ಅಷ್ಟು ದೂರದಲ್ಲಿ ಕೆಲಸ ಮಾಡುವ ಗಾಜುಗಳೇ ಬೇರೆ.

1980ರ ದಶಕದ ಆರಂಭದಲ್ಲಿ ಕಾರ್ಖಾನೆ ಕೊನೆಗೂ ಮಣಿಯಿತು. ಕೊಕ್ಕೆಯನ್ನೂ ನೂಕುವ ಭಾಗವನ್ನೂ ಓರೆಯಾಗಿಸಿ, ಬಲಗೋಡೆಯ ಮೇಲಂಚನ್ನು ಇಳಿಸಿ, ತೋಟಾ ಬಲಕ್ಕೆ ಓರೆಯಾಗಿ ಹಾರುವಂತೆ ಮಾಡಿತು. ನೆತ್ತಿಯ ಮೇಲೆ ದುರ್ಬೀನಿಗೆ ಜಾಗ ಸಿಕ್ಕಿತು. ಹಳಬರು ಮೂಗು ಮುರಿದರು, ರೈಫಲ್ಲಿನ ಅಂದ ಕೆಟ್ಟಿತೆಂದರು. ಅವರ ಮಾತು ಸುಳ್ಳಲ್ಲ, ಆದರೆ ಕಣ್ಣು ಮಂಜಾದವನಿಗೆ ಅಂದ ಕಟ್ಟಿಕೊಂಡು ಏನಾಗಬೇಕು?

ಹೀಗೆ ಬದಲಾದ ರೈಫಲ್ಲಿನಲ್ಲೂ ತಂಟೆ ಪೂರ್ತಿ ಮುಗಿಯಲಿಲ್ಲ. ದುರ್ಬೀನನ್ನು ತೀರ ತಗ್ಗಿಸಿ ಕೂರಿಸಿದರೆ ಅದರ ಬಲಮಗ್ಗುಲಲ್ಲಿ ಉಬ್ಬಿರುವ ತಿರುಪು ಗುಬ್ಬಿಗೆ ತೋಟಾ ಬಡಿಯುತ್ತದೆ. ಕೊಂಚ ಎತ್ತರದ ಉಂಗುರ ಹಾಕಿದರೆ ಅದು ಸರಿಹೋಗುತ್ತದೆ. ಹಿಡಿಕೆಯ ತಿರುಪು ಒಂದು ಎಳೆಯಷ್ಟು ಉದ್ದವಾದರೂ ಒಳಗೆ ಚಾಚಿ ಅಗುಳಿಗೆ ಉಜ್ಜಬಹುದು. ಆಗ ಸನ್ನೆ ಬಿಗಿಯುತ್ತದೆ, ಜನ ಸುಮ್ಮನೆ ಎಣ್ಣೆ ಬಿಡುತ್ತ ಕೂರುತ್ತಾರೆ. ಕೊಕ್ಕೆಯ ಸಂದಿನಲ್ಲಿ ಹಳೆಯ ಎಣ್ಣೆ, ಮದ್ದಿನ ಮಸಿ ಗಟ್ಟಿಯಾಗಿದ್ದರಂತೂ ತಪ್ಪು ದುರ್ಬೀನಿನದಲ್ಲವೇ ಅಲ್ಲ. ಇನ್ನು ದುರ್ಬೀನಿನ ಹಿಂತುದಿ ಕುದುರೆಯ ಮೇಲೆ ಬಾಗಿರುವುದರಿಂದ ಹೆಬ್ಬೆರಳಿಗೆ ಎಡೆ ಸಾಲದು. ಗುಂಡು ತುಂಬಿರುವಾಗ ಕುದುರೆಯನ್ನು ಮೆಲ್ಲಗೆ ಇಳಿಸಲು ಹೋಗಿ ಬೆರಳು ಜಾರಿದರೆ ಅನಾಹುತವೇ. ಅದಕ್ಕಾಗಿ ಪಕ್ಕಕ್ಕೆ ಚಾಚುವ ಚಿಕ್ಕ ಕಿವಿಯೊಂದನ್ನು ಕುದುರೆಗೆ ಬಿಗಿಯುತ್ತಾರೆ. ಈ ಕೆಲಸಗಳಿಗೆಲ್ಲ ಕೈಹಾಕುವ ಮೊದಲು ರೈಫಲ್ ಖಾಲಿಯಿದೆಯೇ ಎಂದು ಬೆರಳಿಟ್ಟು ನೋಡುವುದು ಅಲ್ಲಿನ ಬಂದೂಕು ಕೆಲಸಗಾರರ ಮೊದಲ ಪಾಠ.

ಅಜ್ಜನ ಕಾಲದ ರೈಫಲ್ಲಿನ ಸಂಗತಿ ಮಾತ್ರ ಬೇರೆ. ಖರ್ಚು ತಗ್ಗಿಸಲೆಂದು 1964ರಲ್ಲಿ ಕಂಪನಿ ತಯಾರಿಕೆಯ ಕ್ರಮವನ್ನು ಬದಲಿಸಿತು. ಅದಕ್ಕೂ ಮುಂಚಿನವುಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಅಂಥದಕ್ಕೆ ದುರ್ಬೀನಿಗೆಂದು ಹೊಸ ತೂತು ಕೊರೆದರೆ ಆ ಬೆಲೆ ಇಳಿಯುತ್ತದೆ. ತೂತನ್ನು ಮುಚ್ಚಿದರೂ ಗುರುತು ಅಳಿಯದು. ಆದ್ದರಿಂದ ಅನೇಕರು ಅಜ್ಜನದನ್ನು ಗೋಡೆಗೆ ತೂಗುಹಾಕಿ, ಕಾಡಿಗೆ ಹೋಗಲು ಓರೆಯಾಗಿ ತೋಟಾ ಉಗುಳುವ ಹೊಸದೊಂದನ್ನು ಕೊಳ್ಳುತ್ತಾರೆ. ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ಆಮೇಲೆ ಅದೇ ಹೆಸರು ಹೊತ್ತ 1894ರ ಮಾದರಿ ಜಪಾನಿನ ಮಿರೋಕು ಕಂಪನಿಯಲ್ಲಿ ತಯಾರಾಗತೊಡಗಿತು.