ನಿಮಗಿದು ಗೊತ್ತೆ? ಬೆಚ್ಚಗಿಡುವುದು ಉಣ್ಣೆಯಲ್ಲ, ಗಾಳಿ!

ಬ್ರಿಟನ್ನಿನಲ್ಲಿ 1920ಕ್ಕೂ ಹಿಂದೆ ಕಟ್ಟಿದ ಬಹುತೇಕ ಇಟ್ಟಿಗೆ ಮನೆಗಳ ಹೊರಗೋಡೆಯ ನಡುವೆ ಸಂದು ಇರುವುದಿಲ್ಲ. ಸುಮಾರು 9 ಅಂಗುಲದ ಒಂದೇ ಗಟ್ಟಿ ಗೋಡೆ. ಆಮೇಲಿನ ಮನೆಗಳಲ್ಲಿ ಜೋಡಿ ಗೋಡೆ ಕಟ್ಟಿ ನಡುವೆ ಸಂದು ಬಿಡುವ ರೂಢಿ ಬೆಳೆಯಿತು; ಅದರೊಳಗೆ ಶಾಖನಿರೋಧಕ ತುಂಬಬಹುದು. ಹಳೆಯ ಮನೆಗೆ ಆ ಭಾಗ್ಯವಿಲ್ಲ. ಮಲಗುವ ಕೋಣೆ ಮೂಲೆಯಲ್ಲಿದ್ದು ಎರಡು ಕಡೆ ಹೊರಗೋಡೆಯಿದ್ದರಂತೂ ಹೀಟರ್ ಹಾಕಿದರೂ ಚಳಿ ಬಿಡದು.

ಇಂಥ ಮನೆ ಬೆಚ್ಚಗಾಗಲು ಮೊದಲು ನೋಡಬೇಕಾದದ್ದು ಅಟ್ಟವನ್ನು. ಅಲ್ಲಿ ಹಾಸುವ ಗಾಜಿನ ಉಣ್ಣೆಯಲ್ಲಿ ಶಾಖ ತಡೆಯುವುದು ನಾರಲ್ಲ, ನಾರಿನ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿ. ಇಟ್ಟಿಗೆಯಲ್ಲಿ ಹರಿಯುವ ಶಾಖದ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ ಶಾಖ ಆ ಗಾಳಿಯ ಮೂಲಕ ಹರಿಯುತ್ತದೆ. ನಮ್ಮ ಕಂಬಳಿಯ ಗುಟ್ಟೂ ಇದೇ. ಹಾಗಾಗಿ ಉಣ್ಣೆಯನ್ನು ಒತ್ತಿ ತುರುಕಿದರೆ ಲಾಭ ಕಡಿಮೆ. ಬ್ರಿಟನ್ನಿನಲ್ಲಿ ಅಟ್ಟಕ್ಕೆ ಶಿಫಾರಸು 270 ಮಿ.ಮೀ. ದಪ್ಪ.

ಗೋಡೆಯ ವಿಷಯ ಸೂಕ್ಷ್ಮ. ಒಳಗಿನಿಂದ ನಿರೋಧಕ ಹಲಗೆ ಹೊಡೆದರೆ ಹಿಂದಿನ ಇಟ್ಟಿಗೆ ಇನ್ನಷ್ಟು ತಣ್ಣಗಾಗುತ್ತದೆ. ಮಲಗಿದವರ ಉಸಿರಿನ ಆವಿ ಸಂದಿಯಿಂದ ಅಲ್ಲಿಗೆ ನುಸುಳಿ ನೀರಾದರೆ ಬೂಷ್ಟು ಖಚಿತ. ಅದಕ್ಕೇ ತೇವ ಹೀರಿ ಬಿಡಬಲ್ಲ ಮರದ ನಾರಿನ ಹಲಗೆ, ಸುಣ್ಣದ ಗಾರೆ ಹಳೆಯ ಗೋಡೆಗೆ ಹೆಚ್ಚು ಒಪ್ಪುತ್ತವೆ. ದುಬಾರಿ, ನಿಜ.

ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಬಾಡಿಗೆಗಿರುವ ನಮ್ಮವರಿಗೆ ದಪ್ಪ ಪರದೆ, ಕಿಟಕಿ ಸಂದಿಗೆ ಫೋಮ್ ಪಟ್ಟಿ ಸಾಕಷ್ಟು ನೆರವಾದೀತು. ಆದರೆ ಹೊರಗೋಡೆಯ ಬುಡದಲ್ಲಿರುವ ತೂತಿನ ಇಟ್ಟಿಗೆಗಳನ್ನು ಮಾತ್ರ ಮುಚ್ಚಬೇಡಿ. ಗಾಳಿಯಾಡದಿದ್ದರೆ ಮರದ ನೆಲದಡಿಯ ತೊಲೆಗಳು ಕೊಳೆಯುತ್ತವೆ.