ಮಣ್ಣನ್ನು ಕೇಳಿ ಮೆಟ್ಟು ಕೊಳ್ಳಿ

ಮೆಟ್ಟು, ಕೆರ, ಎಕ್ಕಡ, ಜೋಡು, ಹಾವುಗೆ, ಚಮ್ಮಾವುಗೆ - ಕಾಲಿಗೆ ತೊಡುವ ವಸ್ತುವಿಗೆ ಕನ್ನಡದಲ್ಲಿ ಹೆಸರುಗಳ ಬರಗಾಲವಿಲ್ಲ. ಆದರೆ ನಮ್ಮ ಕಾವ್ಯ ಪುರಾಣಗಳಲ್ಲಿ ಅದಕ್ಕೆ ದೊರೆತ ಸ್ಥಾನವೇ ವಿಚಿತ್ರವಾದುದು. ರಾಮನ ಪಾದುಕೆಗಳು ಸಿಂಹಾಸನವನ್ನೇರಿದುವು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಹೊಲಿದು ತಂದ ಚಮ್ಮಾವುಗೆಗಳನ್ನು ಬಸವಣ್ಣನವರು ಮೆಟ್ಟಲೊಲ್ಲದೆ ತಲೆಯ ಮೇಲೆ ಹೊತ್ತರೆಂಬುದು ಶರಣರ ಐತಿಹ್ಯ. ಸಿಂಹಾಸನಕ್ಕೂ ಶಿರಸ್ಸಿಗೂ ಏರಿದ ಈ ವಸ್ತು ಕಾಲಿಗೆ ಹಿಡಿಯುತ್ತದೆಯೆ, ನೆಲಕ್ಕೆ ಒಪ್ಪುತ್ತದೆಯೆ ಎಂಬ ಲೌಕಿಕ ಪ್ರಶ್ನೆಯನ್ನು ಪಂಡಿತರು ಹೊಲಿದುಕೊಡುವವನಿಗೇ ಬಿಟ್ಟುಬಿಟ್ಟರು.

ಅಜ್ಜಂಪುರದ ಕಡೆಯ ನನ್ನೊಬ್ಬ ವಿದ್ಯಾರ್ಥಿ, ಈರುಳ್ಳಿ ಬೆಳೆಯುವ ಮನೆಯ ಹುಡುಗ, ಆ ಪ್ರಶ್ನೆಯನ್ನು ಮತ್ತೆ ಎತ್ತಿದ. ಅವನಿಗೆ ಹತ್ತಿರುವುದು ಟ್ರಯಥ್ಲಾನಿನ ಗೀಳು. ಈಜು, ಸೈಕಲ್, ಓಟ ಇವು ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಮುಗಿಸುವ ಈ ಸ್ಪರ್ಧೆ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸೇರಿತು. ಡಾಂಬರು ರಸ್ತೆಯನ್ನು ತೊರೆದು ಗುಡ್ಡಕಾಡುಗಳಲ್ಲಿ ನಡೆಯುವ ಅದರ ಇನ್ನೊಂದು ರೂಪ 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಆರಂಭವಾಗಿ, ಎಕ್ಸ್‌ಟೆರ್ರಾ ಎಂಬ ಹೆಸರಿನಿಂದ ಹರಡಿತು. ಸಾಮಾನ್ಯವಾಗಿ 1.5 ಕಿಲೋಮೀಟರು ಈಜು, 30ರ ಆಸುಪಾಸು ಗುಡ್ಡದ ಸೈಕಲ್ ಸವಾರಿ, ಕೊನೆಗೆ 10 ಕಿಲೋಮೀಟರು ಓಟ. ಈಜಿಗೆ ಕೆರೆಯುಂಟು, ಸೈಕಲನ್ನು ಎರವಲು ತರಬಹುದು. ಮೆಟ್ಟನ್ನು ಎರವಲು ತರುವಂತಿಲ್ಲ. ಹತ್ತು ಸಾವಿರ ರೂಪಾಯಿ ತೆತ್ತು ಕೊಂಡ ಷೂ ಒಗ್ಗಲಿಲ್ಲವೆಂದರೆ, ಈರುಳ್ಳಿಯ ದರ ಕುಸಿದ ವರ್ಷ, ಮತ್ತೊಂದು ಜೊತೆ ಕೇಳಲು ತಂದೆಯ ಮುಂದೆ ನಿಲ್ಲುವುದು ಹೇಗೆ?

ಉತ್ತರ ಅವನ ಮನೆಯ ಕೊಟ್ಟಿಗೆಯಲ್ಲಿಯೇ ಇತ್ತು. ಗಾಡಿಗೆ ಹೂಡಿ ರಸ್ತೆಗಿಳಿಸುವ ಎತ್ತಿಗೆ ಲಾಳ ಕಟ್ಟಿಸುತ್ತೇವೆ; ಹೊಲ ಉಳುವುದಕ್ಕಷ್ಟೇ ಇರುವ ಎತ್ತಿಗೆ ಅದರ ಗೊಡವೆಯಿಲ್ಲ. ಹೈದರ್, ಟಿಪ್ಪು ಇವರ ಫಿರಂಗಿಗಳನ್ನೆಳೆದ ಅಮೃತಮಹಲ್ ತಳಿಯನ್ನು ಸಾಕುವ ಕೇಂದ್ರವೇ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಷೂ ಅಂಗಡಿಯನ್ನು ಹೊಕ್ಕೊಡನೆ ನಾವು ಈ ವಿವೇಕವನ್ನು ಬಾಗಿಲಲ್ಲೇ ಕಳಚಿಟ್ಟು, ಬಣ್ಣವನ್ನೂ ಹೆಸರನ್ನೂ ನೋಡತೊಡಗುತ್ತೇವೆ.

ನಮ್ಮ ಸೀಮೆಯ ನೆಲವೇನು ಒಂದೇ ಬಗೆಯದೆ? ಅಜ್ಜಂಪುರದ ಸುತ್ತಲಿನದು ಎರೆಮಣ್ಣು. ನೀರು ಹೀರಿ ಉಬ್ಬುವ ಜೇಡಿಯ ಅಂಶ ಅದರಲ್ಲಿ ಅಧಿಕ. ಬೇಸಿಗೆಯಲ್ಲಿ ಬಿರಿದು ಬಾಯಿಬಿಡುತ್ತದೆ. ಒಂದು ಮಳೆ ಬಿದ್ದೊಡನೆ ಅಂಟಾಗಿ ಹೆಜ್ಜೆಹೆಜ್ಜೆಗೂ ಮೆತ್ತುತ್ತದೆ. ಹತ್ತು ಮಾರು ನಡೆಯುವಷ್ಟರಲ್ಲಿ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು! ಪಶ್ಚಿಮಕ್ಕೆ ತರೀಕೆರೆಯನ್ನು ದಾಟಿ ಕೆಮ್ಮಣ್ಣುಗುಂಡಿಯ ಕಡೆಗೆ ಏರತೊಡಗಿದರೆ, ಹೆಸರೇ ಸಾರುವಂತೆ, ಕೆಂಪುನೆಲ. ಜೊತೆಗೆ ಉರುಳುವ ಕಲ್ಲು, ಮರದ ಬೇರು, ಪಾಚಿಗಟ್ಟಿದ ಬಂಡೆ.

ಎರೆಯ ಕೆಸರಿಗೆ ಬೇಕಾದುದು ಅಟ್ಟೆಯಡಿಯ ರಬ್ಬರಿನ ಹಲ್ಲುಗಳು 5-6 ಮಿಲಿಮೀಟರು ಉದ್ದವಾಗಿಯೂ ವಿರಳವಾಗಿಯೂ ಇರುವ ಷೂ. ಹಲ್ಲುಗಳು ಒತ್ತಾಗಿದ್ದರೆ ಮಣ್ಣು ನಡುವೆ ಸಿಕ್ಕಿಕೊಂಡು ಅಟ್ಟೆ ಬೋಳಾದಂತೆಯೇ ಸರಿ. ವಿರಳವಾಗಿದ್ದರೆ ಕಾಲೆತ್ತಿದಾಗ ಮಣ್ಣು ಉದುರಲು ಎಡೆಯುಂಟು. ಒಣಗಿದ ಗಟ್ಟಿನೆಲಕ್ಕೆ 3-4 ಮಿಲಿಮೀಟರು ಸಾಕು. ಅಲ್ಲಿ ಉದ್ದನೆಯ ಹಲ್ಲು ಅಂಗಾಲಿಗೆ ಒತ್ತುತ್ತದೆ, ಬೇಗನೆ ಸವೆಯುತ್ತದೆ. ಒದ್ದೆ ಬಂಡೆಯ ಮೇಲಾದರೋ ಹಲ್ಲಿನ ಉದ್ದಕ್ಕಿಂತ ರಬ್ಬರಿನ ಮೆದುತನವೇ ಕಾಪಾಡುವುದು.

ಟ್ರಯಥ್ಲಾನಿನವನಿಗೆ ಇನ್ನೊಂದು ತೊಡಕುಂಟು. ಅವನ ಕಾಲು ಓಟಕ್ಕೆ ಬರುವ ವೇಳೆಗೇ ನೆನೆದು, ದಣಿದು, ಕೊಂಚ ಊದಿರುತ್ತದೆ. ನೀರು ಒಳಹೋಗದ ಷೂವೆಂದು ಅಂಗಡಿಯವರು ಹೆಚ್ಚಿನ ಬೆಲೆಯದನ್ನು ಹೊಗಳುವುದುಂಟು. ನೀರನ್ನು ಒಳಬಿಡದ ಷೂ ಹೊರಕ್ಕೂ ಬಿಡದು! ಹಳ್ಳ ದಾಟುವಾಗ ಮೇಲಿನಿಂದ ನುಗ್ಗಿದ ನೀರು ಅದರಲ್ಲಿ ಕೊಡದಲ್ಲಿದ್ದಂತೆ ನಿಂತು, ಒದ್ದೆ ಚರ್ಮ ಉಜ್ಜಿ ಬೊಕ್ಕೆಯೇಳುತ್ತದೆ. ಜಾಲರಿ ಬಟ್ಟೆಯದೇ ವಾಸಿ. ಕಾಲು ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳಲು ಹೋಗಬೇಕು. ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗವಿರಬೇಕು, ಇಲ್ಲವಾದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮಾತ್ರ ಕದಲಕೂಡದು.

ಬರಿಗಾಲೇ ಸಾಲದೆ ಎನ್ನುವವರೂ ಇದ್ದಾರೆ. ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮ್ ನಗರದ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ. ದೊರೆತ ಷೂ ಅವನ ಕಾಲಿಗೆ ಹೊಂದಲಿಲ್ಲವೆಂದು ಹೇಳುತ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಷೂ ತೊಟ್ಟು ಗೆದ್ದನೆಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ! ನಮ್ಮ ಕರಾವಳಿಯ ಕಂಬಳದಲ್ಲಿ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದೇಶವೆಲ್ಲ ಬೆರಗಾಯಿತು, ಅದೂ ಬರಿಗಾಲಿನದೇ. ಆದರೆ ಕಂಬಳದ ಗದ್ದೆಯಲ್ಲಿರುವುದು ಹದಮಾಡಿದ ಕೆಸರು. ಕಲ್ಲುಮುಳ್ಳಿನ ಹತ್ತು ಕಿಲೋಮೀಟರಿಗೆ ಆ ನಿದರ್ಶನ ಸಲ್ಲದು.

ಹುಡುಗನಿಗೆ ನಾನು ಹೇಳಿದ್ದಿಷ್ಟೆ: ಒಂದೇ ಜೊತೆಗೆ ಹಣವಿರುವಾಗ ಅಭ್ಯಾಸ ಮಾಡುವ ನೆಲಕ್ಕಲ್ಲ, ಸ್ಪರ್ಧೆ ನಡೆಯುವ ನೆಲಕ್ಕೆ ಕೊಳ್ಳಪ್ಪ. ಅವನು ಓಡಬೇಕಾದುದು ಗುಡ್ಡದ ಗಟ್ಟಿದಾರಿಯಲ್ಲಿ. ಆದ್ದರಿಂದ 4 ಮಿಲಿಮೀಟರು ಹಲ್ಲಿನ, ಜಾಲರಿ ಬಟ್ಟೆಯ ಷೂ ತಂದಿದ್ದಾನೆ. ಮಳೆ ಬಿದ್ದು ಎರೆ ಅಂಟಾದ ದಿನ ಹೊಲದ ದಾರಿಯನ್ನು ಬಿಟ್ಟು, ಹಳೆಯ ಕ್ಯಾನ್ವಾಸ್ ಷೂ ಮೆಟ್ಟಿ ರಸ್ತೆಯಲ್ಲಿ ಓಡುತ್ತಾನೆ. ಉಳಿದ ದಿನ ಬೆಳಿಗ್ಗೆ ಕೆರೆಯಲ್ಲಿ ಈಜಿ, ಕಾಲು ಒರೆಸದೆಯೇ ಹೊಸದನ್ನು ತೊಟ್ಟು ಏರಿಯ ಮೇಲೆ ಓಟ. ಎಡಗಾಲಿನ ಕಿರುಬೆರಳಿನ ಬಳಿ ಇನ್ನೂ ಸ್ವಲ್ಪ ಉಜ್ಜುತ್ತದೆಯಂತೆ.