ಶಾಂತಾ ಹುಬಳೀಕರ: ಹುಬ್ಬಳ್ಳಿಯ ಹೆಸರು, ಮರಾಠಿಯ ಕೀರ್ತಿ

ವ್ಯಕ್ತಿಯ ಅಡ್ಡಹೆಸರೂ ಕೆಲವೊಮ್ಮೆ ಇತಿಹಾಸದ ಆಧಾರವಾಗಬಲ್ಲದು. ಮರಾಠಿ ವಾಕ್ಚಿತ್ರಗಳ ಇತಿಹಾಸದಲ್ಲಿ ಶಾಂತಾ ಹುಬಳೀಕರರ ಹೆಸರು ಸುಪ್ರಸಿದ್ಧವಾದುದು. ‘ಹುಬಳೀಕರ’ ಎಂದರೆ ಹುಬ್ಬಳ್ಳಿಯವರು ಎಂದೇ ಅರ್ಥ. ಕನ್ನಡ ನೆಲದಲ್ಲಿ ಹುಟ್ಟಿದ ಈ ಅಭಿನೇತ್ರಿಯ ಕೀರ್ತಿ ಮರಾಠಿಗೆ ಸಂದುದೇಕೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಅವರು 1914ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಜನಿಸಿದರು. ಹುಟ್ಟುಹೆಸರು ರಾಜಮ್ಮ. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಹಿಂದೂಸ್ತಾನಿ ಸಂಗೀತವನ್ನು ಅಭ್ಯಸಿಸಿ, ನಾಟಕ ಕಂಪನಿಯ ಮೂಲಕ ರಂಗಭೂಮಿಯನ್ನು ಪ್ರವೇಶಿಸಿದರು.

ಅಂದಿನ ಪರಿಸ್ಥಿತಿಯನ್ನು ನೆನೆದರೆ ಅವರ ಮುಂದಿನ ಹಾದಿ ಸ್ಪಷ್ಟವಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಅನಂತರದ ಕೆಲವು ವರ್ಷಗಳಲ್ಲಿ ತಯಾರಾದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಧಾರವಾಡ ಜಿಲ್ಲೆಯಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿಯ ಆಡಳಿತಕ್ಕೆ ಸೇರಿದ್ದಿತು. ಬೆಳಗಾವಿ, ಮಿರಜಗಳ ಮಾರ್ಗವಾಗಿ ಪುಣೆಗೆ ರೈಲುದಾರಿಯಿದ್ದಿತು. 1929ರಲ್ಲಿ ಕೊಲ್ಹಾಪುರದಲ್ಲಿ ಸ್ಥಾಪಿತವಾದ ಪ್ರಭಾತ್ ಚಿತ್ರಸಂಸ್ಥೆಯು 1933ರಲ್ಲಿ ಪುಣೆಗೆ ಬಂದು ನೆಲೆಸಿತು. ನಟನಟಿಯರು ತಾವೇ ಹಾಡಬೇಕಾಗಿದ್ದ ಆ ಕಾಲದಲ್ಲಿ ಸಂಗೀತಜ್ಞಾನವೇ ಚಿತ್ರರಂಗದ ಪ್ರವೇಶಪತ್ರವಾಗಿದ್ದಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು ಹಿಂದಿ ಚಿತ್ರಗಳಲ್ಲಿ ಹೆಸರು ಗಳಿಸಿದುದಕ್ಕೂ ಅವರ ಗಾಯನವೇ ಕಾರಣವಾಯಿತು.

ಪ್ರಭಾತ್ ಸಂಸ್ಥೆಯ ‘ಮಾಝಾ ಮುಲಗಾ’ (1938) ಚಿತ್ರದಲ್ಲಿ ಅಭಿನಯಿಸಿದ ಶಾಂತಾ ಅವರಿಗೆ ಮರುವರ್ಷವೇ ವಿ. ಶಾಂತಾರಾಮರ ‘ಮಾಣೂಸ್’ ಅಪಾರ ಖ್ಯಾತಿಯನ್ನು ತಂದಿತು. ‘ಆದ್ಮಿ’ ಎಂಬ ಹೆಸರಿನಲ್ಲಿ ಅದು ಹಿಂದಿಯಲ್ಲಿಯೂ ತಯಾರಾಯಿತು. ಶಾಹೂ ಮೋಡಕರು ವಹಿಸಿದ ಪೊಲೀಸಿನವನ ಪಾತ್ರಕ್ಕೆದುರಾಗಿ ಇವರದು ಮೈನಾ ಎಂಬ ವೇಶ್ಯೆಯ ಪಾತ್ರ. ಮರ್ಯಾದೆಯ ಬಾಳನ್ನು ಹಂಬಲಿಸಿಯೂ ಅದಕ್ಕೆ ತಾನು ಅರ್ಹಳಲ್ಲವೆಂದು ಹಿಂಜರಿಯುವ ಹೆಣ್ಣಿನ ಸಂಕಟವನ್ನು ಅವರು ಸಹಜವಾಗಿ ಅಭಿನಯಿಸಿದರು. ಆಕೆ ಹಲವು ಭಾಷೆಗಳಲ್ಲಿ ಹಾಡುವ ಹಾಡು ಮನೆಮಾತಾಯಿತು.

ಅವರು ಕನ್ನಡವನ್ನು ತೊರೆದರೆನ್ನಲಾಗದು. 1942ರಲ್ಲಿ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಲ್ಲಿ ಅವರು ಅಭಿನಯಿಸಿದರು. ಆದರೆ ವೃತ್ತಿಯ ಆಸರೆ ಮರಾಠಿ ಮತ್ತು ಹಿಂದಿಯಲ್ಲಿಯೇ ಉಳಿಯಿತು. ವೃದ್ಧಾಪ್ಯವನ್ನು ಆಶ್ರಮದಲ್ಲಿ ಕಳೆಯಬೇಕಾಗಿ ಬಂದ ಅವರು 1992ರಲ್ಲಿ ನಿಧನರಾದರು. ಅವರ ಆತ್ಮಕಥೆ ‘ಕಶಾಲಾ ಉದ್ಯಾಚೀ ಬಾತ್’ ರಚಿತವಾದುದೂ ಮರಾಠಿಯಲ್ಲಿಯೇ. ನಾಳೆಯ ಮಾತೇಕೆ ಎಂಬ ಅರ್ಥದ ಈ ಶಿರೋನಾಮೆ ‘ಮಾಣೂಸ್’ ಚಿತ್ರದ ಆ ಹಾಡಿನಿಂದ ಬಂದುದು.

ಇದರಿಂದ ನಾವು ಗ್ರಹಿಸಬೇಕಾದುದಿಷ್ಟು: ಭಾಷಾವಾರು ರಾಜ್ಯಗಳ ಗಡಿಯನ್ನು ಅದಕ್ಕೂ ಹಿಂದಿನ ಕಾಲದ ಮೇಲೆ ಎಳೆದರೆ ಇಂಥವರ ಬಾಳು ಎರಡು ತುಂಡಾಗುತ್ತದೆ, ಒಂದು ತುಂಡು ನಮ್ಮ ಗ್ರಂಥಗಳಿಂದ ಜಾರಿಹೋಗುತ್ತದೆ. ಉತ್ತರ ಕರ್ನಾಟಕದ ರಂಗಭೂಮಿ, ಚಲಚ್ಚಿತ್ರಗಳ ಇತಿಹಾಸವನ್ನು ಬರೆಯಲೆಳಸುವ ವಿದ್ಯಾರ್ಥಿಯು ಮರಾಠಿ ಆಕರಗಳನ್ನು ಓದದೆ ಮುಂದೆ ಸಾಗಲಾರನು. ಶಾಂತಾ ಅವರು ಕೊನೆಯವರೆಗೂ ನಮ್ಮ ಊರಿನ ಹೆಸರನ್ನು ಹೊತ್ತು ನಡೆದರು. ಅವರ ಹೆಸರನ್ನು ಉಳಿಸಿಕೊಳ್ಳುವ ಹೊಣೆ ಈಗ ನಮ್ಮದು.